ಅಟ್ಟದ ಮೇಲಣ ಹಳೆಯ ತೋಟಾಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗೃಹಸ್ಥನಿಗೆ ಪದಾರ್ಥವನ್ನು ಪರೀಕ್ಷಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾದುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ನೀರಿಂಗಿದ ಕೊಬ್ಬರಿಯು ಚಿಪ್ಪನ್ನು ಬಿಟ್ಟು ಒಳಗೆ ಉರುಳುವ ಸದ್ದಿನಿಂದಲೇ ಆತನು ಅದರ ಗುಣವನ್ನು ಹೇಳಬಲ್ಲನು. ಆದರೆ ಅದೇ ಮನೆಯಲ್ಲಿ ತಾತನ ಕಾಲದ ಕೋವಿಯೂ, ಅದರೊಡನೆ ಹಳೆಯ ತೋಟಾಗಳ ಡಬ್ಬಿಯೂ ಇದ್ದರೆ, ಅವುಗಳ ಯೋಗ್ಯತೆಯನ್ನು ವಿಚಾರಿಸುವವರು ವಿರಳ. ಕಾಯಿ ಕೆಟ್ಟರೆ ಒಂದು ಕಾಯಿ ನಷ್ಟ. ತೋಟಾ ಕೆಟ್ಟರೆ ಕಣ್ಣೋ ಕೈಯೋ, ಕೆಲವು ವೇಳೆ ಪ್ರಾಣವೋ ನಷ್ಟ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಉಚಿತವೆಂದು ತೋರುತ್ತದೆ.

ಸೇನೆಯ ತೋಟಾ ಸಂಸಾರಿಗಳ ಮನೆಗೆ ಹೇಗೆ ಬಂದೀತೆಂದು ವಾಚಕರು ಕೇಳಬಹುದು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಯುದ್ಧದಲ್ಲಿ ಭಾಗಿಯಾಯಿತು. ಎರಡನೆಯ ಮಹಾಯುದ್ಧಕ್ಕೂ ಕನ್ನಡಿಗರು ಹೋದರು. ಯುದ್ಧದಿಂದ ಹಿಂದಿರುಗಿದವರು ನೆನಪಿಗೆಂದು ಒಂದೆರಡು ತೋಟಾಗಳನ್ನು ತರುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದದ್ದೇ. ಅಂಥವುಗಳ ಬುಡವನ್ನು ನೋಡಿದರೆ ಅಕ್ಷರಗಳೂ ಅಂಕೆಗಳೂ ಕಾಣುತ್ತವೆ. 'ಕೆ ಎಫ್' ಎಂಬುದು ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಸ್ಥಾಪಿತವಾದ ಕಾರ್ಖಾನೆಯ ಮುದ್ರೆ. ಪಕ್ಕದಲ್ಲಿ '43' ಎಂದಿದ್ದರೆ ಅದು 1943ರ ಮಾಲು. ಅಂದರೆ ಎಂಬತ್ತು ವರ್ಷಕ್ಕೂ ಮಿಕ್ಕ ಮುದಿತೋಟಾ.

ಅಮೆರಿಕಾದಂಥ ದೇಶಗಳಲ್ಲಿ ಸೇನೆಗೆ ಮಿಕ್ಕ ಹಳೆಯ ತೋಟಾಗಳನ್ನು ಅಂಗಡಿಗಳಲ್ಲಿ ಮಾರುವುದುಂಟು. ಕೊಳ್ಳುವವರು ಪರೀಕ್ಷಿಸಿ ಕೊಳ್ಳುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಸೇನೆಯ ತೋಟಾ ಕಳವಾಗಿ ಪ್ರಜೆಗಳ ಕೋವಿಗೆ ಒದಗೀತೆಂಬ ಭಯದಿಂದ, ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಆಂಗ್ಲ ಸರ್ಕಾರವು 303 ಮತ್ತು 450 ಬೋರಿನ ರೈಫಲ್ಲುಗಳನ್ನು ಸಾರ್ವಜನಿಕರಿಗೆ ನಿರ್ಬಂಧಿಸಿತು. ಆಂಗ್ಲ ಕೋವಿಗಾರರು 465, 470 ಎಂಬ ಹೊಸ ಬೋರುಗಳನ್ನು ಹುಟ್ಟಿಸಿದುದೂ, ನಮ್ಮ ಸರ್ಕಾರಿ ಕಾರ್ಖಾನೆಗಳು ಪ್ರಜೆಗಳಿಗಾಗಿ 315 ಬೋರಿನ ರೈಫಲ್ಲನ್ನು ಮಾಡುತ್ತ ಬಂದುದೂ ಇದರ ಫಲವೇ. 303 ಇಂದಿಗೂ ನಿಷಿದ್ಧ ವರ್ಗಕ್ಕೆ ಸೇರಿದೆ. ಕೊಡಗಿನವರಿಗೆ ಲೈಸೆನ್ಸಿನ ವಿಷಯದಲ್ಲಿ ಇರುವ ವಿಶೇಷ ರಿಯಾಯತಿಯೂ ನಮ್ಮ ಸೀಮೆಗಿಲ್ಲ. ಆದುದರಿಂದ ಕೊಳ್ಳುವ ವಿಷಯದಲ್ಲಿ ಮೊದಲನೆಯ ನಿಯಮವಿಷ್ಟೆ: ಸಂತೆಯಲ್ಲಾಗಲಿ, ಗುಜರಿಯವನಲ್ಲಾಗಲಿ, ಪರಿಚಿತನ ಕೈಯಲ್ಲಾಗಲಿ ತೋಟಾ ಕೊಳ್ಳಕೂಡದು. ತನ್ನ ಲೈಸೆನ್ಸಿನಲ್ಲಿ ಬರೆದ ಬೋರಿನದನ್ನೇ, ಬರೆದ ಮಿತಿಯೊಳಗೆ, ಪರವಾನಗಿಯುಳ್ಳ ಅಂಗಡಿಯಲ್ಲಿ ರಸೀದಿ ಪಡೆದು ಕೊಳ್ಳತಕ್ಕದ್ದು.

ಇನ್ನು ತೋಟಾ ಹೇಗೆ ಕೆಡುತ್ತದೆಂಬುದನ್ನು ನೋಡೋಣ. ಹಿತ್ತಾಳೆಯ ಕೋಶ, ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು, ಇವು ನಾಲ್ಕೇ ಅದರ ಅಂಗಗಳು. ಹಿತ್ತಾಳೆಯ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ನಡೆದ ಸಂಗತಿಯೊಂದು ಬೋಧಪ್ರದವಾಗಿದೆ. ಆಂಗ್ಲರ ಸೇನೆಯು ಮಳೆಗಾಲದಲ್ಲಿ ಕದನವಿಲ್ಲದಿರುವಾಗ ತೋಟಾಗಳನ್ನು ಕುದುರೆಯ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತು ತೆಗೆದುನೋಡಿದರೆ ಅನೇಕ ಕೋಶಗಳು ತಮ್ಮಷ್ಟಕ್ಕೆ ತಾವೇ ಬಿರಿದಿರುತ್ತಿದ್ದುವು. ಋತುವಿನೊಡನೆ ಬರುವ ಈ ರೋಗಕ್ಕೆ 'ಋತುಬಿರುಕು' ಎಂಬರ್ಥದ ಹೆಸರೇ ಬಿದ್ದಿತು. ಕಾರಣವು ತಿಳಿದುದು 1921ರಲ್ಲಿ. ಕುದುರೆಯ ಮೂತ್ರದಿಂದೇಳುವ ಅಮೋನಿಯಾ ಆವಿಯು, ತಯಾರಿಕೆಯ ಕಾಲದಲ್ಲಿ ಲೋಹದೊಳಗೆ ಉಳಿದ ಬಿಗುವಿನೊಡನೆ ಸೇರಿ ಹಿತ್ತಾಳೆಯನ್ನು ಸೀಳುತ್ತಿತ್ತು. ದನದ ಕೊಟ್ಟಿಗೆಯ ಗಂಜಳದ ಘಾಟೂ ಇದೇ ಅಮೋನಿಯಾ. ಕೊಟ್ಟಿಗೆಗೆ ತಗುಲಿದ ಕೋಣೆಯಲ್ಲಿ ಗೂಡುಮಾಡಿ ತೋಟಾ ಇಡುವ ಗೃಹಸ್ಥರು ಈ ಪಾಠವನ್ನು ಮರೆಯಬಾರದು.

ಅಟ್ಟವೂ ಅದಕ್ಕೆ ತಕ್ಕ ಸ್ಥಳವಲ್ಲ. ಕೊಬ್ಬರಿಗೆ ಹಿತವಾದ ಹೆಂಚಿನಡಿಯ ಶಾಖವು ಮದ್ದಿಗೆ ಅಹಿತ. ಹೊಗೆಯಿಲ್ಲದ ಮದ್ದು ಕಾಲಕ್ರಮದಲ್ಲಿ ತಾನಾಗಿಯೇ ಜೀರ್ಣವಾಗುತ್ತ ಆಮ್ಲದ ಆವಿಯನ್ನು ಬಿಡುತ್ತದೆ. ಶಾಖವು ಹೆಚ್ಚಿದಷ್ಟೂ ಈ ಕ್ಷಯವು ಶೀಘ್ರ. ಸಿಪ್ಪೆ, ಗರಿ, ಕೊಬ್ಬರಿ ತುಂಬಿದ ಅಟ್ಟದಲ್ಲಿ ಮದ್ದನ್ನಿಡುವುದು ಬೆಂಕಿಗೆ ಆಹ್ವಾನವಿತ್ತಂತೆಯೂ ಆಗುವುದು.

ಲೈಸೆನ್ಸುದಾರನು ತನ್ನ ತೋಟಾಗಳನ್ನು ಪರೀಕ್ಷಿಸುವ ಕ್ರಮವು ಸುಲಭ. ಕೋವಿಯನ್ನು ದೂರವಿಟ್ಟು, ಮಕ್ಕಳನ್ನು ಹೊರಕ್ಕೆ ಕಳುಹಿಸಿ, ಹಗಲ ಬೆಳಕಿನಲ್ಲಿ ಒಂದೊಂದನ್ನೇ ನೋಡಬೇಕು. ಮೊದಲು ಬುಡದ ಅಂಕೆ ಲೈಸೆನ್ಸಿನ ಬೋರಿಗೆ ಸರಿಹೊಂದುತ್ತದೆಯೇ? ಬಳಿಕ ಕೋಶದ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕಿದೆಯೇ, ಹಸುರು ಕಿಲುಬು ಹತ್ತಿ ಹಿತ್ತಾಳೆಯು ತಿಂದುಹೋಗಿದೆಯೇ, ಕೇಪು ಕಿಲುಬಿದೆಯೇ, ಗುಂಡು ಸಡಿಲವೇ? ಕಾಗದದ ಕೋಶವಾದರೆ ತೇವದಿಂದ ಊದಿದೆಯೇ? ಇವುಗಳಲ್ಲೊಂದು ದೋಷ ಕಂಡರೂ ಆ ತೋಟಾ ತ್ಯಾಜ್ಯ. ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿದರೆ ಹೊರಗಣ ಕಿಲುಬು ಹೋದೀತೇ ಹೊರತು ಒಳಗಣ ಮದ್ದಿಗೆ ಯೌವನವು ಬಾರದು. 20 ಬೋರಿನದನ್ನು 12 ಬೋರಿನದರೊಡನೆ ಬೆರೆಸಿ ಇಡುವುದು ಮಹಾಪಾಯ: ಚಿಕ್ಕದು ನಳಿಗೆಯೊಳಗೆ ಜಾರಿ ಅಡಗಿಕೊಳ್ಳುತ್ತದೆ, ಅದರ ಹಿಂದೆ ದೊಡ್ಡದನ್ನು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.

ಕುದುರೆ ಎಳೆದಾಗ ತೋಟಾ ಹಾರದಿದ್ದರೆ ಕೂಡಲೇ ತೆರೆದು ನೋಡಕೂಡದು. ಹಳೆಯ ಕೇಪು ತಡವಾಗಿ ಹೊತ್ತುವುದುಂಟು. ನಿರ್ಜನವಾದ ದಿಕ್ಕಿಗೆ ಮುಖಮಾಡಿ ಕನಿಷ್ಠ ಒಂದು ನಿಮಿಷ ಹಾಗೆಯೇ ಹಿಡಿದಿರಬೇಕು. ಸದ್ದು ಕ್ಷೀಣವಾಗಿ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಕೋವಿಯನ್ನು ಬರಿದುಮಾಡಿ ನಳಿಗೆಯು ತೆರವಾಗಿದೆಯೆಂದು ಖಚಿತವಾಗುವವರೆಗೆ ಎರಡನೆಯದನ್ನು ಹಾಕಬಾರದು.

ದೋಷವುಳ್ಳ ತೋಟಾಗಳನ್ನು ಏನು ಮಾಡಬೇಕು? ಒಲೆಗೆ, ಬಾವಿಗೆ, ತಿಪ್ಪೆಗೆ ಎಸೆಯುವುದೂ, ಬಿಚ್ಚಿ ಮದ್ದು ತೆಗೆಯುವುದೂ ಅವಿವೇಕ. 1959ರ ಶಸ್ತ್ರಾಸ್ತ್ರ ಶಾಸನದ 21ನೆಯ ವಿಧಿಯಂತೆ, ಇಟ್ಟುಕೊಳ್ಳುವ ಹಕ್ಕು ತಪ್ಪಿದ ಶಸ್ತ್ರವನ್ನೂ ತೋಟಾಗಳನ್ನೂ ಅನಾವಶ್ಯಕವಾಗಿ ತಡಮಾಡದೆ ಹತ್ತಿರದ ಪೊಲೀಸು ಠಾಣೆಗಾಗಲಿ ಪರವಾನಗಿಯುಳ್ಳ ವ್ಯಾಪಾರಿಗಾಗಲಿ ಒಪ್ಪಿಸತಕ್ಕದ್ದು. ಲೈಸೆನ್ಸುದಾರನಾದ ಯಜಮಾನನು ಗತಿಸಿದಾಗ ಇದು ವಿಶೇಷವಾಗಿ ಅನ್ವಯಿಸುತ್ತದೆ; ಮಗನೆಂಬ ಮಾತ್ರಕ್ಕೆ ಲೈಸೆನ್ಸು ಪಿತ್ರಾರ್ಜಿತವಾಗಿ ಬಾರದು. ಗುರುತಿಲ್ಲದ ತೋಟಾ ಸಿಕ್ಕಿದರೆ ಹೊತ್ತುಕೊಂಡು ಹೋಗುವ ಬದಲು, ಇದ್ದಲ್ಲಿಯೇ ಬಿಟ್ಟು ಠಾಣೆಗೆ ತಿಳಿಸುವುದು ಮೇಲು. ಕೊಟ್ಟದ್ದಕ್ಕೆ ರಸೀದಿಯನ್ನು ಕೇಳಿ ಪಡೆಯಬೇಕು.

ತೋಟ ಕಾಯಲು ಕೋವಿ ಬೇಕೆನ್ನುವವರ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಹಂದಿಯ ಕಾಟವನ್ನು ಬಲ್ಲವರೇ ಬಲ್ಲರು. 1972ರ ವನ್ಯಜೀವಿ ಶಾಸನವನ್ನು ಮೀರದೆ ಆ ಕೋವಿಯನ್ನು ಉಪಯೋಗಿಸಲಿ. ಆದರೆ ತೋಟವನ್ನು ಕಾಯುವ ವಸ್ತುವು ಮನೆಯನ್ನು ಸುಡುವಂತಾಗಬಾರದಷ್ಟೆ. ಈ ಮಳೆಗಾಲಕ್ಕೆ ಮುಂಚೆ ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಪೆಟ್ಟಿಗೆ, ಗೂಡು, ಅಟ್ಟಗಳನ್ನು ಒಮ್ಮೆ ಶೋಧಿಸಿದರೆ, ಆ ಒಂದು ಹಗಲಿನ ಶ್ರಮವು ಮನೆಮಂದಿಗೆಲ್ಲ ಕ್ಷೇಮವನ್ನು ತರುವುದು.