ಎತ್ತು, ಕಲ್ಲು ಮತ್ತು ಮೂರನೆಯ ನಿಯಮ

ಪಿಯುಸಿ ಭೌತವಿಜ್ಞಾನದ ಲೆಕ್ಕಗಳಲ್ಲಿ ಬರುವ ಹಗ್ಗಕ್ಕೆ ತೂಕವಿರುವುದಿಲ್ಲ, ರಾಟೆಗೆ ಘರ್ಷಣೆಯಿರುವುದಿಲ್ಲ, ಗಾಳಿ ಯಾವುದನ್ನೂ ತಡೆಯುವುದಿಲ್ಲ. ಅಂಥ ಹಗ್ಗ ಹುನಗುಂದದ ಸಂತೆಯನ್ನೆಲ್ಲ ಸುತ್ತಿದರೂ ಸಿಗದು. ಹಾಲು ಹೆಚ್ಚಿಸುವ ಉಪಾಯ ಕೇಳಿದ ರೈತನಿಗೆ ಭೌತವಿಜ್ಞಾನಿಯೊಬ್ಬ ‘ಹಸು ಗುಂಡಗಿದೆ ಎಂದಿಟ್ಟುಕೊಳ್ಳೋಣ’ ಎಂದು ಶುರುಮಾಡಿದನೆಂಬ ಹಳೆಯ ನಗೆಹನಿ ಈ ಅಭ್ಯಾಸವನ್ನೇ ಗೇಲಿ ಮಾಡುತ್ತದೆ. ಗೇಲಿ ನ್ಯಾಯವಾದದ್ದೇ. ಆದರೂ ಬಲವಿಜ್ಞಾನದ ಲೆಕ್ಕ ಬಿಡಿಸುವ ಜಾಣತನ ಬಹುಪಾಲು ಇರುವುದು ಯಾವುದನ್ನು ಕೈಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ತೀರ್ಮಾನದಲ್ಲಿ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ. ರಾಯಚೂರಿನ ಮುಂಗಾರು ಹಬ್ಬ ಇದಕ್ಕೇ ಹೆಸರಾದದ್ದು. 1687ರ ‘ಪ್ರಿನ್ಸಿಪಿಯಾ’ದಲ್ಲಿ ಮೂರನೆಯ ನಿಯಮವನ್ನು ವಿವರಿಸುವಾಗ ನ್ಯೂಟನ್ ಕೊಟ್ಟ ಉದಾಹರಣೆಯೂ ಹಗ್ಗ ಕಟ್ಟಿ ಕಲ್ಲೆಳೆಯುವ ಪ್ರಾಣಿಯದೇ. ಅಲ್ಲಿ ಕುದುರೆ, ಇಲ್ಲಿ ಎತ್ತು, ಅಷ್ಟೇ ವ್ಯತ್ಯಾಸ. ಎತ್ತು ಕಲ್ಲನ್ನು ಎಷ್ಟು ಬಲದಿಂದ ಎಳೆಯುತ್ತದೋ ಕಲ್ಲೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆಳೆಯುತ್ತದೆ. ಹಾಗಿದ್ದ ಮೇಲೆ ಕಲ್ಲು ಜರುಗುವುದಾದರೂ ಹೇಗೆ? ನಿಯಮವನ್ನು ಅರ್ಧ ಓದಿದ ಎತ್ತು ನೊಗಕ್ಕೆ ಹೆಗಲು ಕೊಡಲು ಒಪ್ಪಲಿಕ್ಕಿಲ್ಲ.

ಈ ಗಂಟು ಬಿಚ್ಚುವುದು ಒಂದೊಂದು ವಸ್ತುವನ್ನೂ ಬೇರೆಯಾಗಿ ಬರೆದು, ಅದರ ಮೇಲೆ ಬೀಳುವ ಬಲಗಳನ್ನಷ್ಟೇ ಬಾಣಗಳಲ್ಲಿ ಗುರುತಿಸಿದಾಗ. ಕಲ್ಲು ಒಂದು ಟನ್ನಿನದು, ಒಣ ನೆಲದೊಡನೆ ಅದರ ಘರ್ಷಣಾ ಗುಣಾಂಕ 0.5 ಎಂದಿಟ್ಟುಕೊಂಡರೆ ನೆಲ ಅದನ್ನು 4,900 ನ್ಯೂಟನ್ ಬಲದಿಂದ ತಡೆಯುತ್ತದೆ. ಹಗ್ಗದ ಸೆಳೆತ 5,000 ನ್ಯೂಟನ್ ಆದರೆ ಉಳಿದ 100 ನ್ಯೂಟನ್ ಕಲ್ಲಿಗೆ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರ್ ವೇಗೋತ್ಕರ್ಷ ಕೊಡುತ್ತದೆ. ಇನ್ನು ಎತ್ತುಗಳು. ಜೋಡಿಯ ತೂಕವೂ ಒಂದು ಟನ್ ಎನ್ನೋಣ. ಹಗ್ಗ ಅವನ್ನು 5,000 ನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತಿದೆ. ಅವೂ ಕಲ್ಲಿನ ಜೊತೆಗೇ ವೇಗ ಪಡೆಯಬೇಕಾದರೆ ನೆಲ ಅವನ್ನು 5,100 ನ್ಯೂಟನ್ ಬಲದಿಂದ ಮುಂದಕ್ಕೆ ತಳ್ಳಬೇಕು. ಮೂರನೆಯ ನಿಯಮ ಎಲ್ಲೂ ಮುರಿದಿಲ್ಲ. ಸಮನಾದ ಆ ಎರಡು ಬಲಗಳು ಬೇರೆಬೇರೆ ವಸ್ತುಗಳ ಮೇಲಿರುವುದರಿಂದ ಒಂದನ್ನೊಂದು ಹೊಡೆದುಹಾಕುವ ಮಾತೇ ಬರುವುದಿಲ್ಲ. ಚಿತ್ರ ಬರೆಯದೆ ನೇರ ಸೂತ್ರಕ್ಕೆ ಕೈಹಾಕುವ ವಿದ್ಯಾರ್ಥಿ ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಅಂದರೆ ಸ್ಪರ್ಧೆಯನ್ನು ಗೆಲ್ಲಿಸುವುದು ಗೊರಸಿನಡಿಯ ಘರ್ಷಣೆ. ಎತ್ತು ಮಣ್ಣಿಗೆ ಗೊರಸೂರಿ ಬಾಗುವುದು ಇದಕ್ಕೇ. ‘ಘರ್ಷಣೆಯನ್ನು ಕಡೆಗಣಿಸಿ’ ಎಂಬ ಸೂಚನೆಯನ್ನು ಇಲ್ಲಿ ಪಾಲಿಸಿದರೆ ಕಲ್ಲು ಹಗುರಾಗಿ ಜಾರುವುದೇನೋ ನಿಜ, ಆದರೆ ಎತ್ತುಗಳಿಗೆ ಒಂದು ಹೆಜ್ಜೆಯೂ ಮುಂದಿಡಲಾಗದು.

ಹುನಗುಂದ ಭಾಗದ ಮರೋಳದ ನೀರಾವರಿಯಲ್ಲಿ ಇದೇ ಘರ್ಷಣೆ ಕೊಳವೆಯೊಳಗೆ ಎದುರಾಗುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ ಹುನಗುಂದ ಭಾಗದ ಸುಮಾರು 24 ಸಾವಿರ ಹೆಕ್ಟೇರಿಗೆ ಹನಿಹನಿಯಾಗಿ ಉಣಿಸಲು ರೂಪಿಸಿದ್ದು ರಾಮಥಾಳ–ಮರೋಳ ಯೋಜನೆ. ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು 9,800 ಜೂಲ್ ಸಾಕೆಂದು ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಹೊಲದಲ್ಲಿ ಅಷ್ಟಕ್ಕೇ ನಿಂತರೆ ಕೊನೆಯ ಸಾಲಿನ ಗಿಡ ಒಣಗುತ್ತದೆ, ಏಕೆಂದರೆ ಕೊಳವೆಯ ಗೋಡೆಗೆ ಉಜ್ಜುತ್ತ ಹೋದಂತೆ ನೀರಿನ ಒತ್ತಡ ಇಳಿಯುತ್ತಲೇ ಇರುತ್ತದೆ. ಅದೇ ಕೊಳವೆಯಲ್ಲಿ ಹರಿವನ್ನು ಇಮ್ಮಡಿಸಿದರೆ ಈ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಹರಿವು ಅಷ್ಟೇ ಇದ್ದು ಕೊಳವೆಯ ವ್ಯಾಸ ಇಮ್ಮಡಿಯಾದರೆ ಅದು ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ಕೊಳವೆಗೆ ಒಮ್ಮೆ ಹಣ ಸುರಿಯುವುದೋ, ಪಂಪಿನ ಕರೆಂಟು ಬಿಲ್ಲನ್ನು ವರ್ಷವರ್ಷವೂ ಕಟ್ಟುವುದೋ ಎಂಬುದನ್ನು ಎಂಜಿನಿಯರುಗಳು ಈ ಎರಡು ಅಂಕೆಗಳ ನಡುವೆ ತೂಗಿ ನೋಡುತ್ತಾರೆ.