ಕುರ್ಚಿಯ ಬೆನ್ನ ಮೇಲೊಂದು ಹೆಸರು

ಖಾಲಿ ಕುರ್ಚಿ. ಚಿತ್ರೀಕರಣದ ಜಾಗದಲ್ಲಿ ನಟರಿಗೂ ನಿರ್ದೇಶಕರಿಗೂ ಹಾಕುವಂಥ, ಬಟ್ಟೆಯ ಬೆನ್ನಿನ ಮಡಚುವ ಕುರ್ಚಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಹೆಸರು: ಕ್ರಿಸ್ ಹೆಮ್ಸ್‌ವರ್ತ್. ಸರಿ, ಥಾರ್ ಬಂದ. ಹಿನ್ನೆಲೆಯಲ್ಲಿ ಸಂಗೀತ ಹರಿಯುತ್ತಲೇ ಇದೆ. ನಿಮಿಷಗಳು ಕಳೆಯುತ್ತವೆ, ಏನೂ ಆಗುವುದಿಲ್ಲ. ಆಮೇಲೆ ಕ್ಯಾಮೆರಾ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಇನ್ನೊಂದು ಖಾಲಿ ಕುರ್ಚಿ, ಇನ್ನೊಂದು ಹೆಸರು.

2025ರ ಮಾರ್ಚ್ 26ರಂದು ಮಾರ್ವೆಲ್ ಸ್ಟುಡಿಯೋಸ್ ‘ಅವೆಂಜರ್ಸ್: ಡೂಮ್ಸ್‌ಡೇ’ ಚಿತ್ರದ ತಾರಾಗಣವನ್ನು ಜಗತ್ತಿಗೆ ತಿಳಿಸಿದ್ದು ಹೀಗೆ. ಐದು ಗಂಟೆಗೂ ಮೀರಿದ ನೇರಪ್ರಸಾರ, ಒಟ್ಟು 27 ಕುರ್ಚಿಗಳು. ಅಮೆರಿಕದಲ್ಲಿ ಹಗಲು, ನಮಗೆ ರಾತ್ರಿ. ಹೊಡೆದಾಟವಿಲ್ಲ, ಮಾತಿಲ್ಲ, ಕೊನೆಯವರೆಗೂ ಒಂದು ಮುಖವೂ ಇಲ್ಲ. ಆದರೂ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಇಡೀ ರಾತ್ರಿಯ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದು ಹೊತ್ತು ಏರಿದ ಮೇಲೆಯೇ ಎಂದು ಬಲ್ಲವರು ನಿದ್ದೆಗೆಟ್ಟು ಕೂರುವುದಿಲ್ಲವೆ? ನಾನು ಹಾಗೆ ಕಾದದ್ದು ಒಂದೇ ಒಂದು ವೇಷಕ್ಕೆ.

ಆಂಥನಿ ಮ್ಯಾಕಿ, ಸೆಬಾಸ್ಟಿಯನ್ ಸ್ಟ್ಯಾನ್, ಲೆಟಿಷಿಯಾ ರೈಟ್, ಪಾಲ್ ರಡ್. ಹೆಸರುಗಳು ಒಂದೊಂದಾಗಿ ಬಂದು ನಿಂತವು. ಹನ್ನೆರಡನೆಯ ಕುರ್ಚಿಯ ಮೇಲೆ ಕೆಲ್ಸಿ ಗ್ರಾಮರ್ ಎಂದಿದ್ದದ್ದು ಕಂಡಾಗ ನೆಟ್ಟಗೆ ಕುಳಿತೆ. ಗ್ರಾಮರ್ ಹಿಂದೆ ‘ಎಕ್ಸ್-ಮೆನ್’ ಸರಣಿಯಲ್ಲಿ ನೀಲಿ ರೋಮದ ಬೀಸ್ಟ್ ಆದವರು. ಅಂದರೆ ಆ ಮನೆಯ ಬಾಗಿಲು ತೆರೆದಿದೆ! ಎಕ್ಸ್-ಮೆನ್ ಮತ್ತು ಅವೆಂಜರ್ಸ್ ಒಂದೇ ಮಾರ್ವೆಲ್ ಕಾಮಿಕ್ಸ್‌ನ ಮಕ್ಕಳಾದರೂ ಸಿನಿಮಾದಲ್ಲಿ ಬೇರೆ ಬೇರೆ ಬೆಳೆದವರು. ಎಕ್ಸ್-ಮೆನ್ ಚಿತ್ರಗಳ ಹಕ್ಕು ಫಾಕ್ಸ್ ಕಂಪನಿಯ ಕೈಯಲ್ಲಿತ್ತು. 2019ರಲ್ಲಿ ಡಿಸ್ನಿ ಆ ಸಂಸ್ಥೆಯನ್ನು ಕೊಂಡ ಮೇಲಷ್ಟೇ ಎರಡೂ ಬಳಗ ಒಂದೇ ಸೂರಿನಡಿ ಸೇರುವುದು ಸಾಧ್ಯವಾಯಿತು.

ಮತ್ತೆ ಕಾಯುವಿಕೆ. ಫ್ಲಾರೆನ್ಸ್ ಪ್ಯೂ ಆಗಲೇ ಬಂದಾಗಿತ್ತು. ಜೋಸೆಫ್ ಕ್ವಿನ್ ಬಂದರು, ಡೇವಿಡ್ ಹಾರ್ಬರ್ ಬಂದರು. ಲೋಕಿಯಾಗಿ ಎಲ್ಲರ ಮನಸ್ಸು ಕದ್ದ ಟಾಮ್ ಹಿಡಲ್‌ಸ್ಟನ್ ಬಂದರು. ಅವರ ಪಕ್ಕದ ಕುರ್ಚಿಯಲ್ಲಿ ಪ್ಯಾಟ್ರಿಕ್ ಸ್ಟೂವರ್ಟ್, ಅಂದರೆ ಪ್ರೊಫೆಸರ್ ಚಾರ್ಲ್ಸ್ ಝೇವಿಯರ್. ಎದೆ ಬಡಿತ ನನಗೇ ಕೇಳಿಸುತ್ತಿತ್ತು. ಚಾರ್ಲ್ಸ್ ಇದ್ದಲ್ಲಿ ಅವನ ಗೆಳೆಯನೂ ವೈರಿಯೂ ಆದ ಎರಿಕ್, ಅಂದರೆ ಮ್ಯಾಗ್ನೆಟೋ, ಇರಲೇಬೇಕು. ಕ್ಯಾಮೆರಾ ಹೊರಳಿತು. ಮೊದಲು ಕುರ್ಚಿಯ ಮರದ ತೋಳು, ಆಮೇಲೆ ಬಟ್ಟೆಯ ಅಂಚು, ಆಮೇಲೆ ಅಕ್ಷರಗಳು: ಇಯಾನ್ ಮೆಕೆಲನ್.

ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಮ್ಯಾಗ್ನೆಟೋ ಎಂಬ ಪಾತ್ರವನ್ನು ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಸೃಷ್ಟಿಸಿದರು. ಕಾಗದದ ಮೇಲಿದ್ದ ಆ ಖಳನಿಗೆ 2000ದ ‘ಎಕ್ಸ್-ಮೆನ್’ನಲ್ಲಿ ಮೆಕೆಲನ್ ಒಬ್ಬ ಮನುಷ್ಯನ ನೋವನ್ನು ತುಂಬಿದರು. ಆ ಚಿತ್ರ ಶುರುವಾಗುವುದು 1944ರ ಪೋಲೆಂಡಿನಲ್ಲಿ, ಮಳೆಯಲ್ಲಿ, ನಾಜಿಗಳ ಶಿಬಿರದ ಬಾಗಿಲಲ್ಲಿ. ಅಪ್ಪ ಅಮ್ಮನಿಂದ ಬೇರಾದ ಹುಡುಗ ಎರಿಕ್ ಕೈ ಚಾಚಿ ಚೀರುತ್ತಾನೆ. ಕಬ್ಬಿಣದ ಗೇಟು ಬಾಗುತ್ತದೆ. ಮುಂದೆ ಮೆಕೆಲನ್ ಅಂಗೈ ಎತ್ತಿದಾಗಲೆಲ್ಲ ಆ ಹುಡುಗನ ಚಾಚಿದ ಕೈಯೇ ನನಗೆ ಕಾಣುತ್ತದೆ. ಅವರು ಲೋಹವನ್ನು ಮುಟ್ಟದೆಯೇ ಅಲುಗಿಸುವಾಗ ತೋಳು ಬೀಸುವುದಿಲ್ಲ, ಹಲ್ಲು ಕಚ್ಚುವುದಿಲ್ಲ. ಎರಡು ಬೆರಳು ಸಾಕು, ಅರೆಮುಚ್ಚಿದ ಕಣ್ಣು ಸಾಕು. ತಗ್ಗಿದ ದನಿಯಲ್ಲಿ ಒಂದು ಮಾತು ಆಡಿದರೆ ಎದುರಿಗಿದ್ದವರ ಬಂದೂಕಿಗಿಂತ ಅದೇ ಹೆಚ್ಚು ಭಯ ಹುಟ್ಟಿಸುತ್ತದೆ.

ಆ ದನಿ ಪಳಗಿದ್ದು ರಂಗಭೂಮಿಯಲ್ಲಿ. 1976ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಗಾಗಿ ಟ್ರೆವರ್ ನನ್ ನಿರ್ದೇಶಿಸಿದ ‘ಮ್ಯಾಕ್‌ಬೆತ್’ನಲ್ಲಿ ಜೂಡಿ ಡೆಂಚ್ ಎದುರು ನಿಂತ ದನಿ ಅದು. ಪರದೆಯ ಮೇಲೆ ವೈರಿಗಳಾದ ಮೆಕೆಲನ್ ಮತ್ತು ಸ್ಟೂವರ್ಟ್ 2009ರಲ್ಲಿ ಲಂಡನ್ನಿನಲ್ಲಿ ‘ವೇಟಿಂಗ್ ಫಾರ್ ಗೋಡೋ’ ನಾಟಕದ ಇಬ್ಬರು ಅಲೆಮಾರಿಗಳಾಗಿ ಜೊತೆಗೆ ನಿಂತರು. 2013ರಲ್ಲಿ ಸ್ಟೂವರ್ಟ್ ಮದುವೆಯನ್ನು ಮುಂದೆ ನಿಂತು ನಡೆಸಿಕೊಟ್ಟವರೂ ಮೆಕೆಲನ್ನೇ. ಈ ಸ್ನೇಹವಿರುವುದರಿಂದಲೇ ಚಾರ್ಲ್ಸ್ ಮತ್ತು ಎರಿಕ್ ನಡುವಿನ ಜಗಳ ಅಷ್ಟು ನೋಯಿಸುತ್ತದೆ. ಮೊದಲ ಚಿತ್ರದ ಕೊನೆಯಲ್ಲಿ ಪ್ಲಾಸ್ಟಿಕ್ ಸೆರೆಮನೆಯೊಳಗೆ ಇಬ್ಬರೂ ಚದುರಂಗ ಆಡುತ್ತಾರೆ. 2014ರ ‘ಡೇಸ್ ಆಫ್ ಫ್ಯೂಚರ್ ಪಾಸ್ಟ್’ನಲ್ಲಿ, ಸಾವು ಬಾಗಿಲಲ್ಲಿ ನಿಂತಿರುವಾಗ, ಹೊಡೆದಾಡಿ ಕಳೆದ ವರ್ಷಗಳಿಗಾಗಿ ಎರಿಕ್ ಪರಿತಪಿಸಿ ಗೆಳೆಯನತ್ತ ಕೈ ಚಾಚುತ್ತಾನೆ. ಅವರ ಕಥೆ ಅಲ್ಲಿಗೇ ಮುಗಿಯಿತೆಂದು ಒಪ್ಪಿಕೊಂಡು ಬಿಟ್ಟಿದ್ದೆ.

ಅದಕ್ಕೇ ಆ ಕುರ್ಚಿ ನನಗೆ ಅಷ್ಟು ದೊಡ್ಡದು. 2024ರ ಜೂನಿನಲ್ಲಿ ಲಂಡನ್ನಿನ ನೋಯೆಲ್ ಕವರ್ಡ್ ಥಿಯೇಟರಿನಲ್ಲಿ ‘ಪ್ಲೇಯರ್ ಕಿಂಗ್ಸ್’ ನಾಟಕ ನಡೆಯುತ್ತಿತ್ತು. ಫಾಲ್‌ಸ್ಟಾಫ್ ಆಗಿದ್ದ ಮೆಕೆಲನ್ ಯುದ್ಧದ ದೃಶ್ಯದಲ್ಲಿ ರಂಗದಿಂದ ಕೆಳಕ್ಕೆ ಬಿದ್ದರು. ಪಾತ್ರದ ದೊಡ್ಡ ಹೊಟ್ಟೆಗಾಗಿ ಒಳಗೆ ತೊಟ್ಟಿದ್ದ ದಪ್ಪ ಮೆತ್ತೆಯ ಉಡುಪು ಪಕ್ಕೆಲುಬುಗಳನ್ನು ಉಳಿಸಿತು ಎಂದು ಮುಂದೆ ಅವರೇ ಹೇಳಿದರು. ನಾಟಕದ ಪ್ರವಾಸದಿಂದ ಹಿಂದೆ ಸರಿಯಬೇಕಾಯಿತು. ಆ ಸುದ್ದಿ ಓದಿದ ದಿನ, ಇನ್ನು ಈ ಹಿರಿಯರನ್ನು ಹೊಸ ಪಾತ್ರದಲ್ಲಿ ನೋಡುತ್ತೇವೋ ಇಲ್ಲವೋ ಎಂದು ಮನಸ್ಸು ಕುಗ್ಗಿತ್ತು. ವರ್ಷ ತುಂಬುವ ಮೊದಲೇ, 85ನೆಯ ವಯಸ್ಸಿನಲ್ಲಿ, ಜಗತ್ತಿನ ಅತಿ ದೊಡ್ಡ ಸೂಪರ್‌ಹೀರೋ ಸರಣಿ ಅವರಿಗಾಗಿ ಕುರ್ಚಿ ಹಾಕಿತ್ತು.

ಆ ರಾತ್ರಿ ಇನ್ನೂ ಮುಗಿದಿರಲಿಲ್ಲ. ಅಲನ್ ಕಮಿಂಗ್, ರೆಬೆಕಾ ರೋಮೈನ್, ಜೇಮ್ಸ್ ಮಾರ್ಸ್‌ಡನ್: 2000ದ ದಶಕದ ಆ ಹಳೆಯ ಬಳಗ ಸಾಲಾಗಿ ಬಂತು. ಕಟ್ಟಕಡೆಯ ಕುರ್ಚಿ ರಾಬರ್ಟ್ ಡೌನಿ ಜೂನಿಯರ್ ಅವರದು. ಐರನ್ ಮ್ಯಾನ್ ಆಗಿದ್ದವರು ಈ ಬಾರಿ ಖಳನಾಯಕ ಡಾಕ್ಟರ್ ಡೂಮ್. ಅವರು ಸ್ವತಃ ಬಂದು ಅದರಲ್ಲಿ ಕುಳಿತರು. ಅಷ್ಟೂ ಹೊತ್ತಿನಲ್ಲಿ ಕಂಡ ಒಂದೇ ಮುಖ ಅದು.

ಚಿತ್ರದ ಬಿಡುಗಡೆ ಮೊದಲು 2026ರ ಮೇ 1ಕ್ಕೆ ಎಂದಿತ್ತು, ಆಮೇಲೆ ಡಿಸೆಂಬರ್ 18ಕ್ಕೆ ಹೋಯಿತು. ತಡವಾದರೆ ಆಗಲಿ. ಸೇತುವೆ ಎತ್ತುವುದನ್ನೂ ಆಕಾಶ ಸೀಳುವುದನ್ನೂ ಕಂಪ್ಯೂಟರ್ ಮಾಡುತ್ತದೆ. ಲೋಕವೆಲ್ಲ ತನ್ನ ಮಾತು ಕೇಳಲು ನಿಲ್ಲುವಂತೆ ದನಿ ತಗ್ಗಿಸುವುದಕ್ಕೆ ಮಾತ್ರ ಎಂಬತ್ತು ದಾಟಿದ ಆ ನಟನೇ ಬೇಕು. ಅದನ್ನು ಕೇಳಲು ಮೊದಲ ದಿನದ ಮೊದಲ ಆಟಕ್ಕೆ ಹೋಗುತ್ತೇನೆ. ಅವರು ತೆರೆಯ ಮೇಲೆ ಬಂದ ಕೂಡಲೇ ಶಿಳ್ಳೆ ಹೊಡೆಯುವವರಲ್ಲಿ ನಾನೇ ಮೊದಲಿಗನಾಗಿರಬೇಕು.