ಅಂಗಡಿ ಹುಡುಗ ಏಳು ದಿನ ರಜೆ ಕೇಳಿದ್ಯಾಕೆ? ಕಾಲೇಜಿನಲ್ಲಿ ಪಾಠ ಬಿಟ್ಟು ಏನೇನಿದೆ, ಯಾವಾಗ ಸೇರಬೇಕು?

ಸಾಗರ: ಮೊನ್ನೆ ಪೇಟೆಯಲ್ಲಿ ಪರಿಚಯದ ಕಿರಾಣಿ ಅಂಗಡಿಯವರೊಬ್ಬರು ಬೈಕ್ ನಿಲ್ಲಿಸಿ ಕೇಳಿದರು. "ಅಲ್ಲ ಮಾರಾಯ, ಸಂಜೆ ನಮ್ಮಲ್ಲಿ ಕೆಲಸಕ್ಕೆ ಬರೋ ಹುಡುಗ ಏಳು ದಿನ ರಜೆ ಬೇಕು ಅಂತಾನೆ. ಎಂತದೋ ಎನ್‌ಎಸ್‌ಎಸ್ ಕ್ಯಾಂಪ್ ಅಂತೆ. ಚರಂಡಿ ಕ್ಲೀನ್ ಮಾಡೋಕೆ ಡಿಗ್ರಿ ಓದ್ಬೇಕಾ? ನೀನು ಪೇಪರಿನವನಲ್ವಾ, ಹೇಳು."

ಅಲ್ಲೇ ನಿಂತು ಹೇಳಿದ್ದು ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ಸುತ್ತೆ. ಇದೇ ಪ್ರಶ್ನೆ ತಾಲ್ಲೂಕಿನ ಬೇರೆ ಮನೆ, ಅಂಗಡಿಗಳಲ್ಲೂ ಇರುತ್ತೆ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಏಳು ದಿನದ ವಿಷಯ. ಎನ್‌ಎಸ್‌ಎಸ್ ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಗಿದ್ದು. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನ ಉಳಿದು ವಿಶೇಷ ಶಿಬಿರ ಮುಗಿಸಬೇಕು. ಎರಡೂ ಆದರೆ ಮಾತ್ರ ಸರ್ಟಿಫಿಕೇಟ್. ಗಂಟೆಗಳೆಲ್ಲ ಮುಗಿಸಿ ಶಿಬಿರಕ್ಕೆ ಹೋಗದಿದ್ದರೆ ಎರಡು ವರ್ಷ ಗುಡಿಸಿದ್ದು, ಗಿಡ ನೆಟ್ಟಿದ್ದು ಯಾವುದೂ ಕಾಗದದ ಮೇಲೆ ಬರೋದಿಲ್ಲ. ಅಂಗಡಿ ಹುಡುಗ ರಜೆ ಕೇಳಿದ್ದು ಇದಕ್ಕೇ. ಐದು ದಿನ ಹೋಗಿ ಎರಡು ದಿನ ಅಂಗಡಿಗೆ ಬಾ ಅಂದರೆ ಆಗಲ್ಲ.

ಶಿಬಿರದಲ್ಲಿ ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಮನೆಮನೆ ಸಮೀಕ್ಷೆ, ರಾತ್ರಿ ಹಾಡು, ನಾಟಕ. ಊಟ, ವಸತಿಗೆ ಯೋಜನೆಯಿಂದಲೇ ಅನುದಾನ ಬರುತ್ತೆ. ಅದು ಸಾಲದು ಅಂತ ಊರಿನವರೂ ಅಕ್ಕಿ, ಕಾಯಿ, ತರಕಾರಿ ಕೊಡ್ತಾರೆ. ನಿಮ್ಮೂರಿನ ಶಾಲೆಯಲ್ಲಿ ಶಿಬಿರ ನಡೆದಿದ್ದರೆ ನೀವೇ ನೋಡಿರ್ತೀರಿ.

ಇನ್ನೊಂದು ಮುಖ್ಯ ವಿಷಯ ಸೀಟು. ಒಂದು ಎನ್‌ಎಸ್‌ಎಸ್ ಘಟಕಕ್ಕೆ ಸಾಮಾನ್ಯವಾಗಿ 100 ವಿದ್ಯಾರ್ಥಿಗಳು. ಅದರಲ್ಲಿ ವರ್ಷದ ಶಿಬಿರಕ್ಕೆ ಅರ್ಧದಷ್ಟು, ಅಂದರೆ 50 ಮಂದಿ. ಪ್ರವೇಶಾತಿ ಮುಗಿದ ಮೇಲೆ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸುತ್ತಾರೆ, ಹೆಸರು ಭರ್ತಿಯಾದರೆ ಮುಗೀತು. ಎರಡನೇ ವರ್ಷದಲ್ಲಿ ಸೇರಿದರೆ ಹೇಗೋ ಎರಡು ವರ್ಷ ಸಿಗುತ್ತೆ. ಮೂರನೇ ವರ್ಷದಲ್ಲಿ ಎಚ್ಚರಾದರೆ ಏನೂ ಇಲ್ಲ.

ಎನ್‌ಸಿಸಿಯಲ್ಲಿ ಇದು ಇನ್ನೂ ಬಿಗಿ. ನಮ್ಮ ತಾಲ್ಲೂಕಿನ ಮಟ್ಟಿಗೆ ಜನರಿಗೆ ಸರಿಯಾಗಿ ಗೊತ್ತಿಲ್ಲದೆ ಕೈತಪ್ಪುತ್ತಿರುವ ಅವಕಾಶ ಅಂದರೆ ಇದೇ ಅಂತ ನನ್ನ ಅನಿಸಿಕೆ. ಡಿಗ್ರಿಯಲ್ಲಿ ಹುಡುಗರಿಗೆ ಸೀನಿಯರ್ ಡಿವಿಷನ್, ಹುಡುಗಿಯರಿಗೆ ಸೀನಿಯರ್ ವಿಂಗ್. ಎರಡು ವರ್ಷಕ್ಕೆ 'ಬಿ' ಸರ್ಟಿಫಿಕೇಟ್ ಪರೀಕ್ಷೆ, ಮೂರನೇ ವರ್ಷಕ್ಕೆ 'ಸಿ'. ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಹಾಗಾಗಿ ಲೆಕ್ಕ ಸುಲಭ. ಮೊದಲ ವರ್ಷ ಸೇರಿದವನಿಗೆ 'ಸಿ' ತನಕ ದಾರಿ ಇದೆ, ಎರಡನೇ ವರ್ಷ ಯೋಚನೆ ಮಾಡಿದವನಿಗೆ ಇಲ್ಲ.

ಆ 'ಸಿ' ಇದ್ದರೆ ಏನು? ಸೇನೆಯಲ್ಲಿ ಅಧಿಕಾರಿ ಆಗಬೇಕು ಅಂದರೆ ಪದವೀಧರರು ಸಾಮಾನ್ಯವಾಗಿ ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾಗಬೇಕು. ದೊಡ್ಡ ಕೋಚಿಂಗ್ ತಗೊಂಡವರ ಜೊತೆ ಸ್ಪರ್ಧೆ. ಆದರೆ ಎನ್‌ಸಿಸಿ ವಿಶೇಷ ಪ್ರವೇಶ ಅಂತ ಒಂದು ದಾರಿ ಇದೆ. 'ಸಿ' ಸರ್ಟಿಫಿಕೇಟಿನಲ್ಲಿ ಕನಿಷ್ಠ 'ಬಿ' ಗ್ರೇಡ್, ಡಿಗ್ರಿಯಲ್ಲಿ ಶೇ. 50 ಅಂಕ, ವಯಸ್ಸು 19ರಿಂದ 25, ಮದುವೆ ಆಗಿರಬಾರದು. ಅರ್ಜಿ ಆಯ್ಕೆಯಾದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ ಸಂದರ್ಶನ. ಅದು ಐದು ದಿನ ನಡೆಯುತ್ತೆ, ಬೆಂಗಳೂರಿನಲ್ಲೂ ಒಂದು ಕೇಂದ್ರ ಇದೆ. ಪಾಸಾದವರಿಗೆ ಚೆನ್ನೈಯಲ್ಲಿ ತರಬೇತಿ. ಹುಡುಗಿಯರಿಗೂ ಇದೆ. ಎಸ್‌ಎಸ್‌ಬಿ ಸುಲಭ ಅಂತ ನಾನು ಹೇಳ್ತಿಲ್ಲ, ಹೆಚ್ಚಿನವರು ಅಲ್ಲೇ ವಾಪಸ್ ಬರ್ತಾರೆ. ಆದರೆ ಬಾಗಿಲ ತನಕ ಹೋಗೋ ಟಿಕೆಟ್ ಮೊದಲ ವರ್ಷದ ಆ ಒಂದು ಅರ್ಜಿಯಲ್ಲೇ ಇದೆ.

ಎನ್‌ಸಿಸಿ ಎಲ್ಲ ಕಾಲೇಜಿನಲ್ಲಿ ಇರಲ್ಲ. ಕಾಲೇಜು ಆರಿಸುವಾಗಲೇ "ಇಲ್ಲಿ ಎನ್‌ಸಿಸಿ ಘಟಕ ಇದೆಯಾ" ಅಂತ ಕೇಳಿಕೊಳ್ಳಿ. ಮನೆಯವರು ಫೀಸ್ ಕೇಳ್ತಾರೆ, ಹಾಸ್ಟೆಲ್ ಕೇಳ್ತಾರೆ, ಇದನ್ನು ಕೇಳೋದೇ ಇಲ್ಲ.

ನನ್ನ ಕಥೆಯೂ ಹೀಗೇ. ನಾನು ಓದಿದ ಕಾಲೇಜಿನ ಹೆಸರು ಹಾಕಲ್ಲ, ತಪ್ಪು ಕಾಲೇಜಿನದಲ್ಲ. ಮೊದಲ ವರ್ಷ ಮಧ್ಯಾಹ್ನದ ಮೇಲೆ ಒಂದು ಮೊಬೈಲ್ ಅಂಗಡಿಗೆ ಕೆಲಸಕ್ಕೆ ಹೋಗ್ತಿದ್ದೆ. ಕ್ಲಾಸ್ ಬಿಟ್ಟ ಕೂಡಲೇ ಓಟ. ನೋಟಿಸ್ ಬೋರ್ಡ್ ಇರೋ ಕಡೆ ತಲೆ ಹಾಕಿದವನಲ್ಲ. ಎರಡನೇ ವರ್ಷ ಗೆಳೆಯ ಯೂನಿಫಾರ್ಮ್ ಹಾಕಿಕೊಂಡು ಬಂದಾಗ ನನಗೂ ಆಸೆ ಆಗಿ ಕೇಳಿದೆ. "ಹೋದ ವರ್ಷ ಎಲ್ಲಿದ್ಯೋ?" ಅಂದರು ಮೇಷ್ಟ್ರು. ನಾಲ್ಕನೇ ಸೆಮಿಸ್ಟರಿಗೆ ಕಾಲೇಜೇ ಬಿಟ್ಟೆ, ಅದಕ್ಕೆ ಬೇರೆ ಕಾರಣಗಳಿದ್ದವು. ಆದರೆ ವಾರಕ್ಕೆರಡು ದಿನ ಪರೇಡ್ ಅಂತ ಇದ್ದಿದ್ದರೆ ಅಷ್ಟು ಸಲೀಸಾಗಿ ಬಿಡ್ತಿದ್ದೆನಾ ಅಂತ ಈಗಲೂ ಅನ್ಸುತ್ತೆ. ಕ್ಲಾಸಿಗೆ ಬರದಿದ್ದರೆ ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್ ಬೀಳುತ್ತೆ ಅಷ್ಟೇ. ತಂಡದಲ್ಲಿದ್ದವನು ಬರದಿದ್ದರೆ ಯಾರಾದರೂ ಫೋನ್ ಮಾಡಿ ಕೇಳ್ತಾರೆ.

ಇನ್ನು ಆಟ ಮತ್ತು ಕಲೆ. ನಮ್ಮ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. 1987ರಲ್ಲಿ ಶುರುವಾದ ಇದಕ್ಕೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಸೇರಿವೆ. ಕಾಲೇಜು ತಂಡ ಅಂತರ ಕಾಲೇಜು ಪಂದ್ಯಕ್ಕೆ ಹೋಗುತ್ತೆ. ಅಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾಲಯ ತಂಡಕ್ಕೆ ಆರಿಸ್ತಾರೆ, 'ಯೂನಿವರ್ಸಿಟಿ ಬ್ಲೂ' ಅನ್ನೋದು ಇದನ್ನೇ. ಅಲ್ಲಿಂದ ಮುಂದೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಇದೆ, ಎರಡನೆಯದು 2022ರಲ್ಲಿ ಬೆಂಗಳೂರಿನಲ್ಲೇ ನಡೀತು. ಊರಿನ ವಾಲಿಬಾಲ್, ಕಬಡ್ಡಿ ಟೂರ್ನಿಯಲ್ಲಿ ರಾತ್ರಿಯಿಡೀ ಆಡೋ ಎಷ್ಟೋ ಹುಡುಗರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮುಖವನ್ನೇ ನೋಡಿರಲ್ಲ.

ಯುವಜನೋತ್ಸವ ಅಂದರೆ ಹಾಡು, ಡ್ಯಾನ್ಸ್ ಅಂತ ನಮ್ಮಲ್ಲಿ ಸುಮಾರು ಜನ ತಿಳಿದಿದ್ದಾರೆ. ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ: ಮಿಮಿಕ್ರಿ, ಮೂಕಾಭಿನಯ, ಏಕಾಂಕ ನಾಟಕ, ಕ್ವಿಜ್, ಚರ್ಚೆ, ವ್ಯಂಗ್ಯಚಿತ್ರ, ಮಣ್ಣಿನ ಮೂರ್ತಿ, ರಂಗೋಲಿ, ಸ್ಥಳದಲ್ಲೇ ಚಿತ್ರ ಬಿಡಿಸೋದು. ಕಾಲೇಜು, ವಿಶ್ವವಿದ್ಯಾಲಯ, ವಲಯ, ರಾಷ್ಟ್ರ ಅಂತ ಮೆಟ್ಟಿಲು. ವಯಸ್ಸು 25ರ ಒಳಗಿರಬೇಕು. ಸಾಗರದಲ್ಲಿ ಗುಡಿಗಾರರ ಕೆತ್ತನೆ ಇದೆ, ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇದೆ. ದೂರದೂರದ ಊರಿನವರು ಹೆಗ್ಗೋಡಿಗೆ ನಾಟಕ ಕಲಿಯೋಕೆ ಬರ್ತಾರೆ. ನಮ್ಮ ಹುಡುಗರಿಗೆ ಬಸ್ಸಲ್ಲಿ ಅರ್ಧ ಗಂಟೆ ದಾರಿ. ಟೀ ಅಂಗಡಿ ಎದುರು ರಾಜಕಾರಣಿಗಳ ದನಿ ತೆಗೆದು ಎಲ್ಲರನ್ನೂ ನಗಿಸೋ ಹುಡುಗ ಕಾಲೇಜಿನ ಸಾಂಸ್ಕೃತಿಕ ಸಮಿತಿಗೆ ಹೆಸರು ಕೊಟ್ಟಿರಲ್ಲ, ಅಷ್ಟೇ.

ರೋವರ್ಸ್ ಮತ್ತು ರೇಂಜರ್ಸ್, ಯುವ ರೆಡ್ ಕ್ರಾಸ್ ಘಟಕಗಳೂ ಇರುತ್ತವೆ. ರಕ್ತದಾನ ಶಿಬಿರ ನಡೆಸೋದು ಹೆಚ್ಚಾಗಿ ಇವರೇ. ಸ್ಕಾಲರ್‌ಶಿಪ್ ವಿಷಯ ದೊಡ್ಡದು, ಅದನ್ನು ಇನ್ನೊಮ್ಮೆ ಬರೀತೀನಿ.

"ಇದರಿಂದ ಕೆಲಸ ಸಿಗುತ್ತಾ?" ಅಂತ ಆ ಅಂಗಡಿಯವರು ಕೇಳಿದರು. ನೇರವಾಗಿ ಹೇಳಬೇಕು ಅಂದರೆ ಎನ್‌ಎಸ್‌ಎಸ್ ಸರ್ಟಿಫಿಕೇಟ್ ತೋರಿಸಿದ ಕೂಡಲೇ ಯಾರೂ ಕೆಲಸ ಕೊಡಲ್ಲ. ಆದರೆ ಪಿ.ಜಿ. ಪ್ರವೇಶದಲ್ಲಿ ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆಯವರಿಗೆ ವಿಶೇಷ ಕೋಟಾ ಇಡೋ ವಿಶ್ವವಿದ್ಯಾಲಯಗಳಿವೆ. ಸ್ವಲ್ಪ ಅಂಕ ಕಡಿಮೆ ಇದ್ದವರಿಗೆ ಅಲ್ಲಿ ಸೀಟು ಸಿಕ್ಕಿದ್ದುಂಟು. ಅದಕ್ಕಿಂತ ದೊಡ್ಡದು ಇನ್ನೊಂದು. ಹಳ್ಳಿಯಲ್ಲಿ ಐವತ್ತು ಜನಕ್ಕೆ ಏಳು ದಿನ ಅಡುಗೆ, ನೀರು, ಮೈಕು ಹೊಂದಿಸಿದ ಹುಡುಗಿಗೆ ಪಂಚಾಯಿತಿ ಕಚೇರಿಗೆ ಹೋಗಿ ಮಾತಾಡೋಕೆ ಹೆದರಿಕೆ ಇರಲ್ಲ. ಇದನ್ನು ನಾನು ಸುದ್ದಿಗೆ ಓಡಾಡುವಾಗ ಕಣ್ಣಾರೆ ನೋಡಿದ್ದೇನೆ.

ಹಾಗಾದರೆ ಮಕ್ಕಳು ಯಾಕೆ ಸೇರಲ್ಲ? ಆಸಕ್ತಿ ಇಲ್ಲ ಅಂತ ಸುಲಭವಾಗಿ ಹೇಳಿಬಿಡ್ತಾರೆ. ನನ್ನ ಪ್ರಕಾರ ಅರ್ಧ ಉತ್ತರ ಬಸ್‌ಸ್ಟ್ಯಾಂಡಿನಲ್ಲಿದೆ. ಪ್ರಾಕ್ಟೀಸು, ರಿಹರ್ಸಲ್, ಪರೇಡು ಎಲ್ಲ ಕ್ಲಾಸ್ ಮುಗಿದ ಮೇಲೆ ಅಥವಾ ಶುರುವಾಗೋ ಮೊದಲು. ಹಳ್ಳಿ ಕಡೆ ಸಂಜೆ ಬಸ್ ತಪ್ಪಿದರೆ ಇನ್ನೊಂದು ಯಾವಾಗಲೋ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಲ್ಲಿ ದುಡ್ಡಿನ ಚಿಂತೆ ಇಲ್ಲ, ನಿಜ. ಆದರೆ ಮಲೆನಾಡಿನ ಎಷ್ಟೋ ಹಳ್ಳಿಗೆ ಓಡೋದು ಖಾಸಗಿ ಬಸ್. ಅದಕ್ಕೆ ಶಕ್ತಿ ಇಲ್ಲ.

ತುಮರಿ ಕಡೆಯವರದ್ದು ಇನ್ನೂ ಕಷ್ಟ ಇತ್ತು. ಲಾಂಚ್ ಸಮಯ ನೋಡಿಕೊಂಡೇ ಓದಬೇಕು, ಆಡಬೇಕು. ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆ ಆಗಿದೆ. ಸಿಗಂದೂರಿಗೆ ಹೋಗೋ ಭಕ್ತರಿಗೆ ಅನುಕೂಲ ಆಯ್ತು ಅಂತ ಎಲ್ಲರೂ ಬರೆದೆವು. ಆ ಕಡೆಯ ವಿದ್ಯಾರ್ಥಿ ಸಂಜೆ ಒಂದು ಗಂಟೆ ಹೆಚ್ಚು ಕಾಲೇಜಿನಲ್ಲಿ ಉಳಿಯಬಹುದು ಅನ್ನೋದು ಸುದ್ದಿಯೇ ಆಗಲಿಲ್ಲ. ಅದಕ್ಕೂ ತಕ್ಕ ಹೊತ್ತಿಗೆ ಬಸ್ ಬೇಕು ಅನ್ನಿ.

ಉಳಿದರ್ಧ ಉತ್ತರ ಕೆಲಸ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಸುಲಿಯೋಕೆ ಹೋಗೋ ಮಕ್ಕಳಿದ್ದಾರೆ. ಪೇಟೆಯ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಬೇಕರಿಯಲ್ಲಿ ಸಂಜೆ ನಿಲ್ಲೋರಿದ್ದಾರೆ. ಆ ದುಡ್ಡಲ್ಲೇ ಫೀಸ್ ಕಟ್ಟೋರು. ಇವರಿಗೆ ಕೆಲಸ ಬಿಡಿ ಅನ್ನೋಕಾಗಲ್ಲ, ಅಂಗಡಿಯವರಿಗೂ ಕೈ ಬೇಕು. ಆದರೆ ಶಿಬಿರದ ದಿನಾಂಕ ಒಂದೆರಡು ವಾರ ಮೊದಲೇ ಗೊತ್ತಾಗುತ್ತೆ. ಹುಡುಗ ಆಗಲೇ ಬಂದು ಹೇಳಿದರೆ ಬದಲಿ ವ್ಯವಸ್ಥೆ ಮಾಡಬಹುದು. ಹಿಂದಿನ ದಿನ ರಾತ್ರಿ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತೆ. ಅನುಮಾನ ಇದ್ದರೆ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯ ಸಹಿ ಇರೋ ಪತ್ರ ತರೋಕೆ ಹೇಳಿ, ಕೊಡ್ತಾರೆ.

ಮನೆಯಲ್ಲಿ ಈ ವರ್ಷ ಡಿಗ್ರಿಗೆ ಸೇರೋರು ಇದ್ದರೆ, ಕಾಲೇಜು ಶುರುವಾದ ಮೊದಲ ತಿಂಗಳು ಮೂರು ಜನರನ್ನು ಹುಡುಕಿ ಮಾತಾಡಿಸಲಿ: ಎನ್‌ಎಸ್‌ಎಸ್ ಅಧಿಕಾರಿ, ಎನ್‌ಸಿಸಿ ಅಧಿಕಾರಿ, ದೈಹಿಕ ಶಿಕ್ಷಣ ನಿರ್ದೇಶಕರು. ಮೂವರೂ ಅದೇ ಕಾಲೇಜಿನ ಮೇಷ್ಟ್ರು, ಮೇಡಂಗಳೇ. ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತೆ ಅಂತ ಕಾಯುತ್ತಾ ಕೂರೋದು ಬೇಡ, ಎಷ್ಟೋ ಸಲ ಬರೋದು ಹೆಸರು ಮುಗಿದ ಮೇಲೆ.

ಆ ಕಿರಾಣಿ ಅಂಗಡಿಯವರು ನಿನ್ನೆ ಸಿಕ್ಕಿದ್ದರು. ಹುಡುಗನಿಗೆ ಏಳು ದಿನ ರಜೆ ಕೊಟ್ಟಿದ್ದಾರೆ, ಶಿಬಿರಕ್ಕೆ ಅಂತ ಐದು ಕೆ.ಜಿ. ಬೆಲ್ಲ ಬೇರೆ ಕಳಿಸಿದ್ದಾರೆ. ಏಳು ದಿನದ ಸಂಬಳ ಹಿಡೀತಾರಾ ಅಂತ ಕೇಳಿದೆ. "ನೋಡೋಣ ಮಾರಾಯ" ಅಂದರು.